ಮಾತಾಡುವಷ್ಟು ನಿಧಾನ

ನಿನ್ನೆ ಭಾನುವಾರ ನಾನು ಮಾಡಿದ ಕೆಲಸಗಳು ಇಷ್ಟು: ಹಾಲು ಕಾಯಿಸಿದೆ, ರಂಗೋಲಿ ಎಳೆದೆ, ಇಡ್ಲಿ ಬೇಯಿಸಿ ಡಬ್ಬಿಗೆ ತುಂಬಿದೆ, ಮೂರು ಟವೆಲ್ ಮಡಿಸಿದೆ, ಕುಣಿಗಲ್‌ಗೆ ಹೋಗಿ ಬಂದೆ, ಹೋದಲ್ಲಿ ರಸ್ತೆ ಮಧ್ಯೆ ನನ್ನದೊಂದು ಹಳೆಯ ತಪ್ಪನ್ನು ಒಪ್ಪಿಕೊಂಡೆ, ಮನೆಗೆ ಬಂದು ಬಟ್ಟೆ ನೆನೆಹಾಕಿದೆ.

ನಮ್ಮ ಯಜಮಾನರು ದೂರದ ಓಟದ ಕೋಚ್. ಮೊದಲು ಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದರು, ಇವರ ಕೈಯಲ್ಲಿ ಪಳಗಿದ ಇಬ್ಬರು ದೇಶದ ಜೆರ್ಸಿ ತೊಟ್ಟ ಮೇಲೆ ನಮ್ಮ ಬಡಾವಣೆ ಸದಾಶಿವನಗರಕ್ಕೆಲ್ಲ ‘ಕೋಚ್ ಸರ್’ ಆದರು. ಓಡಿಸುವುದು ಸುಲಭ, ಜೋರಾಗಿ ಓಡದಂತೆ ತಡೆಯುವುದೇ ಕಷ್ಟ ಎಂಬುದು ಇವರ ಸಿದ್ಧಾಂತ. ಶಿಷ್ಯರು ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ನಾಡಿ ಎಣಿಸಿ ಪುಸ್ತಕದಲ್ಲಿ ಬರೆಯಬೇಕು. ಅಭ್ಯಾಸಬಲದಿಂದ ನನ್ನದನ್ನೂ ಎಣಿಸುತ್ತಾರೆ. ಮದುವೆಯಾದ ಹೊಸತರಲ್ಲಿ ಇವರು ನನ್ನ ಕೈ ಹಿಡಿದಾಗ ನಾನು ಬೇರೇನೋ ಅಂದುಕೊಂಡು ತಲೆ ತಗ್ಗಿಸಿದ್ದೆ. ಇವರು ಗಡಿಯಾರ ನೋಡುತ್ತಿದ್ದರು.

ಇನ್ನೊಂದು ನಿಯಮ, ವಿಶ್ರಾಂತಿ ಓಟದ ದಿನ ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ ಓಡಬೇಕು. ಮಾತು ನಿಂತರೆ ವೇಗ ಹೆಚ್ಚಾಯಿತೆಂದು ಅರ್ಥ. ಆದರೆ ಇವರ ಶಿಷ್ಯೆ, ಗುಬ್ಬಿ ಕಡೆಯ ರೂಪಾ, ಕೂತಿದ್ದಾಗಲೇ ಮಾತಾಡದ ಹುಡುಗಿ. ‘ನೀನು ಸ್ಕೂಟರಲ್ಲಿ ಪಕ್ಕದಲ್ಲಿ ಹೋಗಿ ಮಾತಾಡ್ಸು. ಅದೊಂದು ನಿಂಗೆ ಚೆನ್ನಾಗಿ ಬರುತ್ತೆ’ ಅಂದರು ಇವರು. ಹೊಗಳಿಕೆ ಎಂದೇ ತೆಗೆದುಕೊಂಡೆ.

ರೂಪಾಳಿಗೆ ಇದು ಕೊನೆಯ ಅವಕಾಶ. ಭಾನುವಾರ ಕುಣಿಗಲ್‌ನ ಆಯ್ಕೆ ಓಟದಲ್ಲಿ ಮೊದಲಿಬ್ಬರಲ್ಲಿ ಒಬ್ಬಳಾದರೆ ಕ್ರೀಡಾ ಹಾಸ್ಟೆಲ್. ಇಲ್ಲದಿದ್ದರೆ, ‘ಓಡಿದ್ದು ಸಾಕು ಬುಡು, ಅಂತರಸನಹಳ್ಳಿ ಫ್ಯಾಕ್ಟರೀಲಿ ಕೆಲಸ ಕೇಳಿವ್ನಿ’ ಎಂದು ಅವರಪ್ಪ ಹೇಳಿಬಿಟ್ಟಿದ್ದರು.

ಗುರುವಾರ ಬೆಳಿಗ್ಗೆ ವಿಶ್ರಾಂತಿ ಓಟಕ್ಕೆ ಬಟವಾಡಿ ಕಡೆಗೆ ಹೊರಟೆವು. ನಾನು ಪದ್ದಕ್ಕನ ಗೃಹಪ್ರವೇಶದ ಕಥೆ ತೆಗೆದೆ. ಪದ್ದಕ್ಕ ಅಂದರೆ ಯಜಮಾನರ ಅಕ್ಕ. ಉಡುಗೊರೆಗೆ ಬಂದಿದ್ದ ಸೀರೆಗಳನ್ನು ಎಲ್ಲರೆದುರು ಬಿಚ್ಚುತ್ತಾ ಕೂತಿದ್ದವರು ಒಂದು ಹಸಿರು ಸೀರೆ ಎತ್ತಿ ಹಿಡಿದರು. ಸೆರಗಿನ ಮೂಲೆಯಲ್ಲಿ ಅರಿಶಿನದ ಕಲೆ. ಎರಡು ವರ್ಷದ ಹಿಂದೆ ಅವರೇ ಯಾರಿಗೋ ಸಾಗಹಾಕಿದ್ದ ಸೀರೆ! ನಾಲ್ಕು ಮನೆ ಸುತ್ತಿ ವಾಪಸ್ ಬಂದಿತ್ತು, ಕೊಟ್ಟವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

‘ಕೊಟ್ಟೋರು ಯಾರಾಂಟಿ?’ ಅಂದಳು ರೂಪಾ. ಅವಳು ತಾನಾಗಿ ಕೇಳಿದ ಮೊದಲನೇ ಪ್ರಶ್ನೆ ಅದು.

ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆ. ಗಲಿಬಿಲಿಯಲ್ಲಿ ಕೈ ತಾನೇ ಆಕ್ಸಿಲರೇಟರ್ ತಿರುವಿತು. ರೂಪಾ ಬಿಡಲಿಲ್ಲ. ‘ಆಂಟಿ, ಯಾರು ಅಂತ ಹೇಳಿ!’ ನಾನು ಮುಂದೆ, ಅವಳು ಹಿಂದೆ.

ಓಟ ಮುಗಿಯುವಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದ ಯಜಮಾನರ ಮುಖ ಬಿಳಿಚಿಕೊಂಡಿತು. ‘ಏನ್ ಮಾಡಿದ್ಯೇ? ಭಾನುವಾರ ಓಡಬೇಕಾದ್ದನ್ನ ಇವತ್ತೇ ಓಡಿಸ್ಬಿಟ್ಟಿದೀಯ! ಅವಳ ಕಾಲು ಮುಗೀತು.’ ಆ ದಿನ ನನ್ನ ಸಾರಿಗೆ ಉಪ್ಪು ಬಿತ್ತೋ ಇಲ್ಲವೋ, ಇಬ್ಬರೂ ಗಮನಿಸಲಿಲ್ಲ.

ಭಾನುವಾರ ಓಟಕ್ಕೆ ಮುಂಚೆ ರೂಪಾ ಇಡ್ಲಿ ಮುಟ್ಟಲಿಲ್ಲ. ‘ಕಾಲು ಭಾರ ಸರ್’ ಅಂದಳು. ಇವರು ಪುಸ್ತಕ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ರೂಪಾಳ ಅಪ್ಪ ಟೋಪಿ ಸರಿಮಾಡಿಕೊಂಡು ಬೇರೆಲ್ಲೋ ನೋಡುತ್ತಿದ್ದರು. ತಪ್ಪು ನನ್ನದಾದ್ದರಿಂದ ಏನಾದರೂ ಮಾಡಲೇಬೇಕಿತ್ತು. ಹತ್ತಿರ ಹೋಗಿ ಮೆಲ್ಲಗೆ, ‘ಮೊದಲಿಬ್ಬರಲ್ಲಿ ಬಾ. ಸೀರೆ ಕೊಟ್ಟಿದ್ದು ಯಾರು ಅಂತ ಹೇಳ್ತೀನಿ’ ಅಂದೆ.

‘ದೇವರಾಣೆ?’

‘ದೇವರಾಣೆ ಕಣೇ.’

ಅರ್ಧ ದೂರದವರೆಗೆ ಐದನೆಯವಳು. ಆಮೇಲೆ ನಾಲ್ಕನೆಯವಳು. ಕೊನೆಯ ತಿರುವಿನಲ್ಲಿ ಮೂರನೆಯವಳು. ಯಜಮಾನರು ಜೀವನವಿಡೀ ಹೇಳಿದ ‘ನಿಧಾನ’ವನ್ನೆಲ್ಲ ಮರೆತು, ‘ಓಡೇ! ಓಡೇ!’ ಎಂದು ಕಿರುಚಿದರು. ರೂಪಾಳ ಅಪ್ಪನ ಟೋಪಿ ಎಲ್ಲೋ ಬಿತ್ತು. ಗೆರೆಯ ಹತ್ತಿರ ಎರಡೇ ಹೆಜ್ಜೆಯಲ್ಲಿ ಒಬ್ಬಳನ್ನು ಹಿಂದೆ ಹಾಕಿ ರೂಪಾ ಎರಡನೆಯವಳಾದಳು. ಮೊಣಕಾಲಿಗೆ ಕೈಕೊಟ್ಟು ಬಗ್ಗಿದವಳು ನೀರು ಕೇಳಲಿಲ್ಲ.

‘ಯಾರು... ಆಂಟಿ?’

‘ನಾನೇ ಕಣೇ.’

ರೂಪಾ ನೆಲಕ್ಕೆ ಬಿದ್ದಳು. ಅವರಪ್ಪ ‘ಅಯ್ಯೋ, ಮಗಳಿಗೆ ಏನೋ ಆಯ್ತು’ ಎಂದು ನೀರು ಹಿಡಿದು ಓಡಿಬಂದರು. ಏನೂ ಆಗಿರಲಿಲ್ಲ, ನಗುತ್ತಿದ್ದಳು. ಮಗಳು ಅಷ್ಟು ಜೋರಾಗಿ ನಗುವುದನ್ನು ಅವರು ಬಹಳ ದಿನದಿಂದ ನೋಡಿರಲಿಲ್ಲವೇನೋ. ನೀರನ್ನು ಮಗಳ ಕೈಗೆ ಕೊಟ್ಟು, ‘ಹಾಸ್ಟೆಲ್‌ಗೆ ಟ್ರಂಕು ಬೇಕಾ ಮೇಡಮ್ಮೋರೆ?’ ಎಂದು ನನ್ನನ್ನು ಕೇಳಿದರು.

ಬಸ್ಸಿನಲ್ಲಿ ಬರುವಾಗ ಯಜಮಾನರು ಲೆಕ್ಕ ಹಾಕಿದರು. ಗುರುವಾರ ಆ ವೇಗದಲ್ಲೂ ಹುಡುಗಿ ಪ್ರಶ್ನೆ ಕೇಳುತ್ತಲೇ ಇದ್ದಳಲ್ಲ. ಅಂದರೆ ಅವಳಿಗೆ ಅದು ಸುಲಭವೇ ಆಗಿತ್ತು. ‘ಇಷ್ಟು ದಿನ ತಡೆದಿದ್ದು ನಾನೇ’ ಅಂದರು. ನನಗೆ ಶಾಭಾಸ್‌ಗಿರಿ ಸಿಗುತ್ತದೇನೋ ಎಂದು ಕಾದೆ. ಕಿಟಕಿ ಕಡೆ ತಿರುಗಿಕೊಂಡರು.

ರಾತ್ರಿ ರಾಗಿಮುದ್ದೆ, ಬಸ್ಸಾರು. ಮೇಲೆ ಬೆಳಗಿನ ಉಳಿದ ಇಡ್ಲಿ. ದೀಪ ಆರಿಸಿದ ಮೇಲೆ ಇವರು ಕೇಳಿದರು, ‘ಅಲ್ವೇ, ಆ ಹುಡುಗಿ ಹತ್ರ ನಾನೇ ನಾನೇ ಅಂತಿದ್ಯಲ್ಲ, ಏನದು? ನಮ್ಮಕ್ಕನ ಸೀರೆ ವಿಷಯಾನಾ?’

ನಾನು ಕಣ್ಣು ಮುಚ್ಚಿ ಉಸಿರು ನಿಧಾನ ಮಾಡಿದೆ. ಇವರು ಕತ್ತಲಲ್ಲಿ ನನ್ನ ಮಣಿಕಟ್ಟು ಹುಡುಕಿ ಹಿಡಿದು ಸ್ವಲ್ಪ ಹೊತ್ತು ಎಣಿಸಿದರು.

‘ಮಲಗಿರೋರ ನಾಡಿ ಇಷ್ಟು ಓಡಲ್ಲ ಕಣೇ’ ಅಂದರು.

ನನ್ನ ಕೈ ಬಿಡದೆಯೇ ಮೊದಲು ನಿದ್ದೆಹೋದವರು ಇವರೇ.