ಲೆಕ್ಕದ ಮಾಸ್ಟ್ರು ಕಾದಂಬರಿ ಬರೆದದ್ದು

ನಿವೃತ್ತಿಯಾದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಸುರುವಾಗುತ್ತದೆ, ನನಗೆ ಸಾಹಿತ್ಯ ಸುರುವಾಯಿತು. ಪ್ರತಿ ಭಾನುವಾರ ಸುಳ್ಯದಿಂದ ಬಸ್ಸು ಹತ್ತಿ ಪುತ್ತೂರಿನ ಬರವಣಿಗೆ ತರಗತಿಗೆ ಹೋಗತೊಡಗಿದ ಮೇಲೆ, ನಗೆಪಾಟಲಾಗದೆ ಮನೆಗೆ ಮರಳಿದ ವಾರವೇ ಕಡಿಮೆ.

ಉತ್ತರ ಪತ್ರಿಕೆ

ಮೊದಲ ದಿನ ಒಳಗೆ ಕಾಲಿಟ್ಟರೆ ಪಾಠ ಹೇಳುವವರು ದಡಬಡಿಸಿ ಎದ್ದು ನಿಂತರು. ನೋಡಿದರೆ, ಹೈಸ್ಕೂಲಿನಲ್ಲಿ ನನ್ನ ಕೈಯಲ್ಲಿ ಗಣಿತ ಕಲಿತ ಹುಡುಗಿ. ಕಲಿತಳು ಎಂದರೆ ಸ್ವಲ್ಪ ಜಾಸ್ತಿ ಹೇಳಿದಂತಾಗುತ್ತದೆ. ಈಗ ಅವಳು ಕಥೆಗಾರ್ತಿ. ಎಲ್ಲರ ಬರಹವನ್ನೂ ಎಳೆ ಎಳೆಯಾಗಿ ಬಿಡಿಸುವವಳು, ನನ್ನದು ಬಂದರೆ "ಚಂದ ಉಂಟು ಸರ್" ಎಂದು ಮುಗಿಸಿಬಿಡುತ್ತಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ಹೆದರಬೇಡ, ಕಂಡದ್ದನ್ನು ಕಂಡ ಹಾಗೆ ಬರೆ ಎಂದು ಗದರಿಸಿದೆ.

ನಾನು ಕೊಟ್ಟದ್ದು ಎರಡೇ ಪುಟದ ಕಥೆ. ಸಂಪಾಜೆಯಲ್ಲಿ ನರ್ಸ್ ಆಗಿರುವ ಸುಮತಿಗೆ ಒಂದು ಗಂಡು ಬಂತು, ಅವಳು ಬೇಡ ಎಂದಳು, ಸುಖವಾಗಿದ್ದಳು. ಅವಳ ಚಿಕ್ಕಪ್ಪ ಹೇಳುವ ಹಾಗೆ, 'ನನ್ನ ಅಣ್ಣನ ಮಗಳು' ಎಂದು ಸುರು ಮಾಡಿ ಬರೆದಿದ್ದೆ. ಮುಂದಿನ ವಾರ ಕಾಗದ ಮರಳಿ ಬಂತು. ಮೇಲೆ ಕೆಂಪು ಶಾಯಿಯಲ್ಲಿ, "ಬರೀ ಉತ್ತರ ಉಂಟು. ಹಂತಗಳೆಲ್ಲಿ? ಹುಡುಗಿಗೆ ಜೀವ ಬಂದಿಲ್ಲ."

ಮೊದಲ ಎರಡು ಮಾತು ನಾನೇ ಅವಳ ಗಣಿತದ ಪತ್ರಿಕೆಗಳಲ್ಲಿ ವರ್ಷವಿಡೀ ಬರೆದದ್ದು. ಮನೆಯಲ್ಲಿ ತೋರಿಸಿದೆ. ಹೆಂಡತಿ ಪೂರ್ತಿ ಓದಿ, ಪೋಷಕರು ಸಹಿ ಹಾಕುವುದು ಎಲ್ಲಿ ಎಂದು ಕೇಳಿದಳು.

ಬಾಯಿಗೆ ಬೀಗ

ತರಗತಿಯಲ್ಲಿ ಒಂದು ನಿಯಮ. ಉಳಿದವರು ಕಥೆಯ ಬಗ್ಗೆ ಮಾತಾಡುವಾಗ ಬರೆದವನು ತುಟಿ ಬಿಚ್ಚಬಾರದು. ಆಯುಷ್ಯವಿಡೀ ಮಕ್ಕಳ ಬಾಯಿ ಮುಚ್ಚಿಸಿದವನಿಗೆ ಅದು ಎಂಥ ಶಿಕ್ಷೆ ಎಂದು ಬೇರೆ ಹೇಳಬೇಕಾಗಿಲ್ಲ.

ಕಡಬದಲ್ಲಿ ಬಟ್ಟೆ ಅಂಗಡಿ ಇಟ್ಟ ಒಬ್ಬರು ಆಗಷ್ಟೇ ಸೇರಿದ್ದರು. ಪ್ರಾಯ ನನಗಿಂತ ಕಡಿಮೆಯಾದರೂ ತರಗತಿಗೆಲ್ಲ ಅಕ್ಕ. ನಮ್ಮ ಕಡೆ ಯಾರ ಸುದ್ದಿ ಬಂದರೂ ಮನೆ ಯಾವುದೆಂದು ತಿಳಿಯದೆ ಮಾತು ಮುಂದೆ ಹೋಗುವುದಿಲ್ಲವಲ್ಲ. ಅಕ್ಕ ಸುರು ಮಾಡಿದರು. ಸುಮತಿ ಯಾವ ಮನೆಯವಳು, ತಾಯಿಯ ಊರು ಎಲ್ಲಿ, ಬಂದ ಗಂಡಿಗೆ ಎಂತ ಕುಂದು? ಬಸ್ ಕಂಡಕ್ಟರ್ ಒಬ್ಬರಿದ್ದರು, ಅವರಿಗೆ ಬೇರೆಯೇ ಚಿಂತೆ. ದಿನಾ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿ ಯಾರ ಹತ್ತಿರವೂ ಒಂದು ಮಾತಾಡುವುದಿಲ್ಲವಾ? ನಾನು ತಡೆಯಲಾರದೆ ಬೆರಳೆತ್ತಿದೆ. ಕೈ ಇಳಿಸಿ ಸರ್ ಎಂದಳು ನನ್ನ ಶಿಷ್ಯೆ.

ಹೇಳಲಾಗದ್ದನ್ನೆಲ್ಲ ಮನೆಗೆ ತಂದು ಬರೆದೆ. ತಾಯಿಯ ಊರಿಗೆ ಒಂದು ಅಧ್ಯಾಯ, ಬಸ್ಸಿಗೆ ಒಂದು, ಗಂಡಿನ ಕುಂದಿಗೆ ಮೂರು. ಕಾದಂಬರಿ ಬರೆಯುವ ಯೋಗ್ಯತೆ ನನಗಿಲ್ಲ ಎಂದೇ ನಂಬಿದ್ದವನು ನಾನು. ಪುಟ ಏರಿದ ಹಾಗೆ ಎಷ್ಟು ಖುಷಿಯಾಯಿತೆಂದರೆ, ಬೆಳಿಗ್ಗೆ ಹೆಂಡತಿಗಿಂತ ಮೊದಲೇ ಎದ್ದು ಅವಳಿಗೂ ಚಾ ಮಾಡಿಡುತ್ತಿದ್ದೆ. ಅವಳು ಮಗಳಿಗೆ ಫೋನ್ ಮಾಡಿ, ಅಪ್ಪನನ್ನು ಒಮ್ಮೆ ಡಾಕ್ಟರಿಗೆ ತೋರಿಸುವುದೋ ಎಂದು ಕೇಳಿದಳಂತೆ.

ಮರ್ಕಂಜದ ಹುಡುಗ

ಕೊನೆಯ ಅಧ್ಯಾಯಕ್ಕೆ ಬಂದಾಗ ಧೈರ್ಯ ಕೈಕೊಟ್ಟಿತು. ಸುಮತಿಗೆ ಜೀವ ಬಂದಿದೆಯೋ ಇಲ್ಲವೋ ತಿಳಿಯದೆ ಮುಗಿಸುವುದು ಹೇಗೆ?

ಆಗ ಕಡಬದ ಅಕ್ಕನ ಫೋನ್ ಬಂತು. ಮರ್ಕಂಜದಲ್ಲಿ ಒಬ್ಬ ಹುಡುಗ ಇದ್ದಾನೆ, ಸ್ವಂತ ವರ್ಕ್‌ಶಾಪ್, ಕೆಟ್ಟ ಚಾಳಿ ಇಲ್ಲ, ಹೆಂಡತಿ ಕೆಲಸ ಬಿಡಬೇಕೆಂದೂ ಇಲ್ಲ. ನಿಮ್ಮ ಅಣ್ಣನ ಮಗಳಿಗೆ ಆದೀತಾ ಎಂದರು. ನನಗೆ ಅಣ್ಣನೇ ಇಲ್ಲ.

"ಅಕ್ಕ, ಸುಮತಿ ಅಂತ ಯಾರೂ ಇಲ್ಲ ಮಾರಾಯ್ರೆ. ಅದು ನಾನು ಬರೆದ ಹುಡುಗಿ."



"ಹಾಗಾದ್ರೆ ಸುಲಭ ಆಯ್ತಲ್ಲ ಸರ್. ನೀವು ಒಂದು ಗೆರೆ ಬರೆದ್ರೆ ಒಪ್ತಾಳೆ."

ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಜೀವ ಇಲ್ಲದವಳಿಗೆ ಯಾರಾದರೂ ಸಂಬಂಧ ತರುತ್ತಾರೆಯೇ? ಅಕ್ಕನ ಮಾತಿಗೆ ಬೆಲೆ ಕೊಟ್ಟು, ಆ ಒಂದು ಗೆರೆ ಬರೆಯಲು ಕೂತೆ. ಊಹುಂ. ಎಷ್ಟು ಸಲ ಒಪ್ಪಿಸಿದರೂ ಸುಮತಿ ಬ್ಯಾಗು ಹೆಗಲಿಗೆ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದುಬಿಡುತ್ತಿದ್ದಳು. ಸೋತು, ಅವಳು ನಡೆದ ದಾರಿಯಲ್ಲೇ ಹೋಗಿ ನನ್ನ ಮೊದಲ ಕಾದಂಬರಿ ಮುಗಿಸಿದೆ. ಆಮೇಲೆ ಕಡಬಕ್ಕೆ ಫೋನ್ ಮಾಡಿ, ಹುಡುಗಿ ಒಪ್ಪುತ್ತಾ ಇಲ್ಲ ಎಂದು ಸಂಕೋಚದಿಂದಲೇ ತಿಳಿಸಿದೆ.

"ಅವಸರ ಇಲ್ಲ ಸರ್," ಎಂದರು ಅಕ್ಕ. "ಹುಡುಗ ಕಾಯ್ತಾನಂತೆ. ನೀವು ಎರಡನೇ ಕಾದಂಬರಿ ಸುರು ಮಾಡಿ."