ಮುಳ್ಳು ತಾಗದ ತಟ್ಟೆ

ಅಂಚೆಯವನು ಆ ಪೊಟ್ಟಣವನ್ನು ತಟ್ಟೆರಾಯನ ಕೈಗೇ ಕೊಟ್ಟು ಹೋಗಿದ್ದರೆ ಯಾವ ರಾದ್ಧಾಂತವೂ ಆಗುತ್ತಿರಲಿಲ್ಲ. ಆದರೆ ಅವತ್ತು ಶನಿವಾರ, ಅವನಿಗೆ ವಾರದ ರಜೆ. ಬೆಳಿಗ್ಗೆ ಒಂಬತ್ತು ಗಂಟೆಗೆ ಅವನು ತಲೆಗೆ ಸೋಪು ಹಚ್ಚಿಕೊಂಡು ಬಚ್ಚಲಲ್ಲಿ ನಿಂತಿದ್ದ. ಮೆಟ್ಟಿಲು ಹತ್ತಲು ಸೋಮಾರಿತನ ಮಾಡಿದ ಅಂಚೆಯವನು ಕೆಳಗಿನ ಮನೆಯ ಅಕ್ಕನ ಬಾಗಿಲು ಬಡಿದ. ಅಕ್ಕ ಸಹಿ ಹಾಕಿ ಇಸಕೊಂಡಳು. ಒಂಬತ್ತೂಕಾಲಿಗೆಲ್ಲ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿತ್ತು: ಮೇಲಿನ ಮನೆಗೆ ಜಪಾನಿನಿಂದ ಏನೋ ಬಂದಿದೆ, ಚೌಕವಾಗಿದೆ, ಚಪ್ಪಟೆಯಾಗಿದೆ, ಅಲ್ಲಾಡಿಸಿದರೆ ಸದ್ದಿಲ್ಲ.

ಕನ್ನಡಕದ ಅಂಗಡಿಯಲ್ಲಿ ಗಾಜು ತೇಯುವ ಆ ಸಾಧು ಮನುಷ್ಯನಿಗೆ ತಟ್ಟೆರಾಯ ಎಂಬ ಹೆಸರು ಬಂದದ್ದು ಗ್ರಾಮಫೋನಿನ ಹಾಡಿನ ತಟ್ಟೆಗಳಿಂದ. ಇಪ್ಪತ್ತೆರಡು ವರ್ಷಗಳಿಂದ ಅವನು ಜಪಾನಿನಲ್ಲಿ ಒತ್ತಿದ ತಟ್ಟೆಗಳನ್ನು ಹುಡುಕಿ ಹುಡುಕಿ ಕೂಡಿಡುತ್ತಿದ್ದ. ಅವು ಕಪ್ಪು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಹೊದಿಕೆಗೆ ಸೊಂಟಪಟ್ಟಿ ಕಟ್ಟಿದಂತೆ ಒಂದು ಕಾಗದದ ಪಟ್ಟಿ ಇರುತ್ತಿತ್ತು. ಆ ಪಟ್ಟಿ ಹರಿಯದೆ ಉಳಿದಿದ್ದರೆ ತಟ್ಟೆಗೆ ಮಾನ. ಮಾರಾಟಕ್ಕಲ್ಲದೆ ಬರೀ ಪ್ರಚಾರಕ್ಕೆಂದು ಹಂಚಿದ, ನಡುವೆ ಬಿಳಿ ಚೀಟಿ ಅಂಟಿಸಿದ ತಟ್ಟೆಯಾದರೆ ಇನ್ನೂ ಹೆಚ್ಚು ಮಾನ. ಅಂಥದ್ದಕ್ಕೆ ಒಂದು ಸಲವೂ ಮುಳ್ಳು ತಾಗಿಲ್ಲವೆಂದರೆ ಮುಗಿಯಿತು, ಅದನ್ನು ಮುಟ್ಟುವ ಮುಂಚೆ ತಟ್ಟೆರಾಯ ಎರಡು ಸಲ ಕೈತೊಳೆಯುತ್ತಿದ್ದ.

ಹೀಗಾಗಿ ಅವನ ಕಪಾಟಿನ ಮೇಲಿನ ಸಾಲಿನಲ್ಲಿದ್ದ ಅರವತ್ತು ತಟ್ಟೆಗಳಲ್ಲಿ ಒಂದನ್ನೂ ಅವನು ಕೇಳಿರಲಿಲ್ಲ.

"ಹಾಡದೇ ಇರೋ ತಟ್ಟೆಗೂ ಮುಚ್ಚಳಕ್ಕೂ ಏನು ವ್ಯತ್ಯಾಸ ಅಳಿಯಂದ್ರೇ?" ಎಂದು ಜೊತೆಯಲ್ಲೇ ಇದ್ದ ಅವನ ಅತ್ತೆ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದರು. "ಮುಚ್ಚಳ ಆದ್ರೆ ಪಾತ್ರೆಗಾದ್ರೂ ಆಗುತ್ತೆ."

ಅವತ್ತು ಬಂದದ್ದು ಸಾಮಾನ್ಯ ತಟ್ಟೆಯಲ್ಲ. ಜಪಾನಿನಲ್ಲಿ ಯಾವುದೋ ಕಾಲದಲ್ಲಿ ಪ್ರಚಾರಕ್ಕೆಂದು ನಾಲ್ಕು ಬಗೆಯ ತಟ್ಟೆ ಹೊರಬಂದಿದ್ದವು. ಚೀಟಿಯ ಮೇಲೆ ಹಾಡಿನ ಹೆಸರಿಲ್ಲ, ಹಾಡಿದವರ ಹೆಸರಿಲ್ಲ, ಒಂದೊಂದರ ಮೇಲೆ ಒಂದೊಂದು ಋತುವಿನ ಜಪಾನಿ ಅಕ್ಷರ ಅಷ್ಟೆ. ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ. ಊರಿನ ತಟ್ಟೆ ಕೂಡಿಡುವವರ ಕೂಟದ ಹನ್ನೊಂದು ಜನರೂ ಆ ನಾಲ್ಕು ಅಕ್ಷರವನ್ನು ಮಾತ್ರ ಕಲಿತಿದ್ದರು. ಅದು ಯಾರೋ ಮಹಾಗಾಯಕಿ ನಾಲ್ಕು ಋತುಗಳ ಮೇಲೆ ಹಾಡಿದ್ದು ಎಂದು ಹನ್ನೊಂದು ಜನರೂ ಸೇರಿ ತೀರ್ಮಾನಿಸಿದ್ದರು. ತಟ್ಟೆರಾಯನ ಬಳಿ ಮೊದಲ ಮೂರು ಇದ್ದವು. ಚಳಿಗಾಲ ಇದ್ದದ್ದು ಕೂಟದ ಅಧ್ಯಕ್ಷರಾದ ನಿವೃತ್ತ ಹಲ್ಲಿನ ಡಾಕ್ಟರ ಹತ್ತಿರ. ಒಂಬತ್ತು ವರ್ಷದಿಂದ ಅವರ ಹಿಂದೆ ಬಿದ್ದ ಮೇಲೆ ಕೊನೆಗೊಮ್ಮೆ ಡಾಕ್ಟರು ಕರಗಿದ್ದರು.

"ನನಗೆ ಶರತ್ಕಾಲ ಇಲ್ಲ. ನಿಮ್ಮ ಹತ್ರ ಇರೋದರ ಪಟ್ಟಿ ಹರಿದಿದೆ, ಅದು ಬೇಡ. ಇನ್ನೊಂದು ಶರತ್ಕಾಲ ತರಿಸಿ. ಮುಳ್ಳು ತಾಗಿರಬಾರದು. ತಂದ ದಿನ ಚಳಿಗಾಲ ನಿಮ್ಮದು."

ಆ ಇನ್ನೊಂದು ಶರತ್ಕಾಲವೇ ಈ ಪೊಟ್ಟಣ. ಡಾಕ್ಟರು ಸಂಜೆ ನಾಲ್ಕಕ್ಕೆ ಬರುವವರಿದ್ದರು.

ಒಂಬತ್ತೂವರೆಗೆ ಅಕ್ಕ ಪೊಟ್ಟಣವನ್ನು ಎದೆಗವಚಿಕೊಂಡು ಮೇಲೆ ಬಂದಳು. ಕೊಟ್ಟು ಹೋಗಲಿಲ್ಲ, ಕೂತಳು.

"ಬಿಚ್ಚಪ್ಪಾ, ನೋಡೋಣ."

ತಟ್ಟೆರಾಯ ಎರಡು ಸಲ ಕೈತೊಳೆದು ಬಂದು ಬಿಚ್ಚಿದ. ಕಂದು ಬಣ್ಣದ ಪಟ್ಟಿ, ಬಿಳಿ ಚೀಟಿ, ಶರತ್ಕಾಲದ ಅಕ್ಷರ. ತಟ್ಟೆಯ ಮೇಲೆ ಒಂದು ಕೂದಲೆಳೆಯಷ್ಟೂ ಗೀರಿರಲಿಲ್ಲ.

"ಎಷ್ಟು ಚೆನ್ನಾಗಿದೆ! ಹಾಕು, ಕೇಳೋಣ."

"ಹಾಕೋ ಹಾಗಿಲ್ಲ ಅಕ್ಕಾ."

"ಯಾಕೆ, ಕೆಟ್ಟು ಹೋಗಿದ್ಯಾ?"

"ಹಾಕಿದ್ರೆ ಕೆಡುತ್ತೆ."

ಅಕ್ಕ ಅವನ ಹೆಂಡತಿಯ ಮುಖ ನೋಡಿದಳು. ಹೆಂಡತಿ, ಈ ಕಾಯಿಲೆಗೆ ಮದ್ದಿಲ್ಲ ಎಂಬಂತೆ ತಲೆಯಾಡಿಸಿದಳು. ಅಕ್ಕ ಎದ್ದು ಹೋದಳು. ಆದರೆ ಅವಳೊಳಗೆ ಹುಳ ಹೊಕ್ಕಿತ್ತು. ಹಾಕಿದರೆ ಕೆಡುವಂಥ ಹಾಡು ಅದರೊಳಗೆ ಯಾವುದಿರಬಹುದು? ಅವಳು ಆ ಹುಳವನ್ನು ಮೇಲಿನ ಮಹಡಿಯ ಹಡಗಿನ ಮಾವನಿಗೆ ದಾಟಿಸಿದಳು. ಮೂವತ್ತು ವರ್ಷ ಸರಕು ಹಡಗಿನಲ್ಲಿ ಅಡುಗೆ ಮಾಡಿ, ಈಗ ಮಾತಾಡಲು ಜನ ಸಿಗದೆ ಒದ್ದಾಡುತ್ತಿದ್ದ ಮಾವ ತಕ್ಷಣ ಇಳಿದು ಬಂದರು.

"ತಟ್ಟೆರಾಯಾ, ಒಂದೇ ಒಂದು ಸಾಲು ಹಾಕಪ್ಪ. ನಡುವೆ ಎಲ್ಲಾದ್ರೂ ಮುಳ್ಳಿಡು, ಯಾರಿಗೂ ಗೊತ್ತಾಗಲ್ಲ."

"ಡಾಕ್ಟ್ರಿಗೆ ಗೊತ್ತಾಗುತ್ತೆ ಮಾವ. ಅವರು ಭೂತಗನ್ನಡಿ ಹಿಡಿದು ನೋಡ್ತಾರೆ."

"ಹಲ್ಲಾದ್ರೆ ಹುಳುಕು ಕಾಣುತ್ತೆ. ತಟ್ಟೇಲಿ ಏನು ಕಂಡೀತು?"

ಹನ್ನೊಂದಕ್ಕೆ ಅಕ್ಕ ಮತ್ತೆ ಬಂದಳು. ಈ ಸಲ ಧೂಳು ಒರೆಸುವ ಬಟ್ಟೆ ಕೈಯಲ್ಲಿತ್ತು. "ಅದರ ಮೇಲೆ ಧೂಳಿತ್ತು, ಒರೆಸಿಕೊಡ್ತೀನಿ" ಎಂಬ ದನಿ ಮೆಟ್ಟಿಲಲ್ಲಿ ಕೇಳಿದ್ದೇ ತಟ್ಟೆರಾಯನ ಜೀವ ಬಾಯಿಗೆ ಬಂತು. ಕಪಾಟು ಅವಳಿಗೆ ಗೊತ್ತಿದ್ದ ಜಾಗ. ಅವನು ತಟ್ಟೆಯನ್ನು ಒಳಕೋಣೆಗೆ ಒಯ್ದು ಹಾಸಿಗೆಯ ಅಡಿಗೆ ತಳ್ಳಿದ. ಹೊರಗೆ ಬಂದು ಅಕ್ಕನನ್ನು ಸಮಾಧಾನ ಮಾಡಿ, ಮೆಟ್ಟಿಲ ತನಕ ಕಳಿಸಿ, ಅಲ್ಲಿ ಮತ್ತೆ ಹಡಗಿನ ಮಾವನ ಕೈಗೆ ಸಿಕ್ಕಿ, ಒಂದು ಬಂದರಿನ ಕತೆ ಪೂರ್ತಿ ಕೇಳಿ ವಾಪಸು ಬರುವಾಗ ಅರ್ಧ ಗಂಟೆ ಕಳೆದಿತ್ತು.

ಹಾಸಿಗೆಯ ಮೇಲೆ ಅತ್ತೆ ಮಲಗಿದ್ದರು.

ಅತ್ತೆ ಮಲಗಿದರೆಂದರೆ ಲಂಗರು ಬಿದ್ದ ಹಾಗೆ. ತಟ್ಟೆರಾಯ ಮಂಡಿಯೂರಿ ಹಾಸಿಗೆಯ ಅಡಿಗೆ ಕೈ ಹಾಕಿದ. ಹೊದಿಕೆಯ ಮೂಲೆ ಬೆರಳಿಗೆ ಸಿಕ್ಕಿತು. ಮೆಲ್ಲಗೆ ಎಳೆದ. ಅತ್ತೆ ನಿದ್ದೆಯಲ್ಲೇ "ಥೂ, ಇಲಿ!" ಎಂದು ಮಗ್ಗುಲಾಗಿ, ಪೂರ್ತಿ ಭಾರವನ್ನು ಅದೇ ಮೂಲೆಗೆ ಹಾಕಿದರು.

"ನಿನ್ನ ತಾಯಿನ ಎಬ್ಬಿಸೇ," ಎಂದು ಹೆಂಡತಿಗೆ ಅಂಗಲಾಚಿದ.

"ಏನಂತ ಎಬ್ಬಿಸಲಿ? ಅಮ್ಮಾ, ನಿನ್ನ ಅಡಿಯಲ್ಲಿ ಜಪಾನ್ ಇದೆ ಏಳು ಅಂತಲಾ?"

ಅತ್ತೆ ಎದ್ದದ್ದು ಒಂದೂವರೆಗೆ. ತಟ್ಟೆಯನ್ನು ಹೊರಗೆ ತೆಗೆದು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ ತಟ್ಟೆರಾಯನಿಗೆ ಅಳು ಬರುವುದೊಂದು ಬಾಕಿ. ಪಟ್ಟಿ ಹರಿದಿರಲಿಲ್ಲ, ಆದರೆ ತಟ್ಟೆ ಬಿಸಿಲಿಗೆ ಬಿದ್ದ ಎಲೆಯ ಹಾಗೆ ಒಂದು ಕಡೆ ಬಾಗಿತ್ತು.

ಅವನೂ ಕಸುಬುದಾರ. ಮನೆಯಲ್ಲಿ ಎರಡು ದಪ್ಪ ಗಾಜಿನ ಹಲಗೆ ಇದ್ದವು. ನಡುವೆ ತಟ್ಟೆಯಿಟ್ಟು, ಮೇಲೆ ಭಾರಕ್ಕೆ ಸಾಣೆಕಲ್ಲು ಹೇರಿ, ಮೊಗಸಾಲೆಯ ಹದವಾದ ಬಿಸಿಲಿನಲ್ಲಿ ಕಾವಲು ಕೂತ. ಅಕ್ಕ ಕೆಳಗಿನಿಂದ ಕತ್ತೆತ್ತಿ "ಏನಪ್ಪಾ ಒಣಗಿಸ್ತಾ ಇದೀಯಾ?" ಎಂದಳು. ಹಡಗಿನ ಮಾವ ಮೇಲಿನಿಂದ ಕತ್ತು ಬಗ್ಗಿಸಿ "ಇನ್ನೊಂದು ಸ್ವಲ್ಪ ಬೇಯಲಿ" ಎಂದು ಸಲಹೆ ಕೊಟ್ಟರು. ಮೂರು ಗಂಟೆಗೆ ಗಾಜು ತೆಗೆದಾಗ ತಟ್ಟೆ ನೆಟ್ಟಗಾದಂತೆ ಕಂಡಿತು. ಆದರೆ ಕಣ್ಣಿಗೆ ಕಂಡರೆ ಸಾಲದು, ಗ್ರಾಮಫೋನಿನ ತಿರುಗಣಿಯ ಮೇಲಿಟ್ಟು ತಿರುಗಿಸಿ ನೋಡಬೇಕು.

"ಬರೀ ತಿರುಗಿಸ್ತೀನಿ, ಮುಳ್ಳು ಇಡಲ್ಲ," ಎಂದು ಹೆಂಡತಿಗೆ ಹೇಳಿದ. ನಿಜಕ್ಕೂ ಅದು ತನಗೇ ಹೇಳಿಕೊಂಡ ಮಾತು.

ತಟ್ಟೆ ತಿರುಗಿತು. ಅಷ್ಟರಲ್ಲಿ ಅಕ್ಕ, ಮಾವ, ಅತ್ತೆ ಮೂವರೂ ಬಾಗಿಲಲ್ಲಿ ಜಮಾಯಿಸಿದ್ದರು. ಕರೆಂಟಿನ ಸಣ್ಣ ಗುಂಯ್ ಸದ್ದು ಬಿಟ್ಟರೆ ಮನೆ ನಿಶ್ಶಬ್ದ. ತಟ್ಟೆರಾಯ ಆ ಕಪ್ಪು ಗೆರೆಗಳನ್ನೇ ನೋಡುತ್ತ ನಿಂತ. ಇಪ್ಪತ್ತೆರಡು ವರ್ಷ! ಈ ಗೆರೆಗಳೊಳಗೆ ಒಬ್ಬಾಕೆ ಬಾಯಿ ತೆರೆದು ಕಾದು ಕೂತಿದ್ದಾಳೆ. ಅವಳ ದನಿ ಹೇಗಿರಬಹುದು? ಬೇರೆಯವರು ಕೇಳಿದಾಗಲೆಲ್ಲ ಸಿಟ್ಟು ಬರಿಸುತ್ತಿದ್ದ ಪ್ರಶ್ನೆ ಈಗ ಅವನದೇ ಆಯಿತು. ಅವನ ಕೈ ಅವನ ಮಾತು ಕೇಳಲಿಲ್ಲ. ತಾನಾಗಿ ಹೋಗಿ ಮುಳ್ಳನ್ನು ಎತ್ತಿ ಇಟ್ಟಿತು.

ಮೊದಲು ನಾಲ್ಕು ಸಲ ಗಂಟೆಯ ನಾದ. ಆಮೇಲೆ ಪಿಯಾನೊ. ಆಮೇಲೆ ಒಂದು ಹೆಣ್ಣು ದನಿ, ಹಾಡಲಿಲ್ಲ, ಮಾತಾಡಿತು. ಎಂಥ ದನಿ! ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದ ಹಾಗಿತ್ತು. ಅಕ್ಕನ ಕೈಯ ಬಟ್ಟೆ ಜಾರಿತು. ಅತ್ತೆ ಕೂಡ ಬಾಯಿಮುಚ್ಚಿ ಕೇಳಿದರು.

ಹಡಗಿನ ಮಾವ ಮಾತ್ರ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದರು.

"ಈಯಮ್ಮನ ಮಾತು ನನಗೆ ಬಾಯಿಪಾಠ! ಜಪಾನಿನ ಮೂರು ಬಂದರಿನಲ್ಲಿ ನನ್ನನ್ನ ಆಚೆ ಹಾಕಿದಾಳೆ!"

"ಏನಂತಾಳೆ ಮಾವ?"

"'ಮಾನ್ಯ ಗಿರಾಕಿಗಳೇ, ನಮ್ಮ ಅಂಗಡಿ ಮುಚ್ಚೋ ಹೊತ್ತಾಯ್ತು. ಬಂದಿದ್ದಕ್ಕೆ ಬಹಳ ಸಂತೋಷ. ಸಾಮಾನು ಮರೀಬೇಡಿ. ದಯವಿಟ್ಟು ಹೊರಡಿ.' ದೊಡ್ಡ ಅಂಗಡಿಗಳಲ್ಲಿ ಸಂಜೆ ಆದ್ರೆ ಇದನ್ನೇ ಹಾಕ್ತಾರಪ್ಪ."

"ಮತ್ತೆ ಶರತ್ಕಾಲ?" ತಟ್ಟೆರಾಯನ ದನಿ ಪಾತಾಳದಿಂದ ಬಂತು.

"ತಾಳು, ಈಗ ಹೇಳಿದ್ಲು. 'ಶರತ್ಕಾಲದ ಕೋಟುಗಳು ಎರಡನೇ ಮಹಡಿಗೆ ಬಂದಿವೆ. ನಾಳೆ ತಪ್ಪದೆ ಬನ್ನಿ.'"

ಅತ್ತೆ ಒಂದು ಕ್ಷಣ ಯೋಚಿಸಿದರು. "ಕೋಟು ಕೊಂಡಿದ್ರೆ ಹಾಕ್ಕೊಳ್ಳೋಕಾದ್ರೂ ಆಗೋದು ಅಳಿಯಂದ್ರೇ."

ತಟ್ಟೆರಾಯ ಕುಸಿದು ಕೂತ. ಆದರೆ ತಟ್ಟೆ ಕೂಡಿಡುವವನ ಮನಸ್ಸೇ ಬೇರೆ. ಮುಳ್ಳನ್ನು ಎತ್ತಿಡುವಷ್ಟರಲ್ಲಿ ಅವನು ಚೇತರಿಸಿಕೊಂಡಿದ್ದ. ಅಂಗಡಿಯವಳೇ ಆಗಲಿ, ಗಾಯಕಿಯೇ ಆಗಲಿ, ನಾಲ್ಕರಲ್ಲಿ ಮೂರಿದ್ದರೆ ಕಪಾಟಿನಲ್ಲಿ ಹಲ್ಲು ಬಿದ್ದ ಸಂದಿ ಉಳಿದೇ ಉಳಿಯುತ್ತದೆ. ಚಳಿಗಾಲ ಬೇಕೇ ಬೇಕು. ಇನ್ನು ಡಾಕ್ಟರು, ಎಪ್ಪತ್ತು ದಾಟಿದವರು, ಒಂಬತ್ತು ವರ್ಷ ಆ ತಟ್ಟೆಯನ್ನು ಕಣ್ಣಿನ ಹಾಗೆ ಕಾಪಾಡಿದವರು. ಅವರಿಗೆ ಈ ಮಾತನ್ನು ಯಾವ ಬಾಯಲ್ಲಿ ಹೇಳುವುದು?

"ಯಾರೂ ಉಸಿರು ಬಿಡಬಾರದು," ಎಂದು ಕೈಮುಗಿದ. ಅಷ್ಟರಲ್ಲಿ ಕರೆಗಂಟೆ ಮೊಳಗಿತು.

ಡಾಕ್ಟರು ಚರ್ಮದ ಚೀಲದೊಂದಿಗೆ ಒಳಗೆ ಬಂದರು. ಇಷ್ಟು ಜನರನ್ನು ಕಂಡು ಹುಬ್ಬೇರಿಸಿದರು. "ಕೋಣೆ ತುಂಬ ಕಾಯುವವರಿದ್ದಾರಲ್ಲ, ಪ್ರಾಕ್ಟೀಸ್ ನೆನಪಾಯ್ತು," ಎಂದು ನಕ್ಕು ಕಿಟಕಿಯ ಬಳಿ ಕೂತು ಭೂತಗನ್ನಡಿ ತೆಗೆದರು. ಪಟ್ಟಿ ನೋಡಿ ತಲೆದೂಗಿದರು. ಚೀಟಿ ನೋಡಿ ತಲೆದೂಗಿದರು. ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದವರು ಭೂತಗನ್ನಡಿ ಕೆಳಗಿಟ್ಟರು.

"ಮುಳ್ಳು ತಾಗಿದೆ," ಎಂದರು. ಹಲ್ಲು ಕೀಳಲೇಬೇಕು ಎಂದು ರೋಗಿಗೆ ಹೇಳುವ ದನಿ.

"ಒಂದೇ ಸಲ ಸಾರ್."

"ಒಂದಾದರೇನು, ನೂರಾದರೇನು. ಕ್ಷಮಿಸಿ, ಮಾತು ಮಾತೇ." ಚೀಲ ಎತ್ತಿಕೊಂಡು ಬಾಗಿಲಿಗೆ ನಡೆದರು. ಹೊಸ್ತಿಲಲ್ಲಿ ನಿಂತರು. ತಿರುಗಿದರು. "ಅಂದ್ರೆ ನೀವು ಕೇಳಿದ್ರಿ."

"ಕೇಳಿದೆ ಸಾರ್."

"ಹೇಗಿದೆ?"

ಪ್ರಶ್ನೆ ಕೇಳಿದ್ದು ಅಧ್ಯಕ್ಷರಲ್ಲ, ಒಂಬತ್ತು ವರ್ಷ ಬಾಯಿಕಟ್ಟಿದ್ದ ಒಬ್ಬ ಮುದುಕ. ತಟ್ಟೆರಾಯನಿಗೆ ಪಾಪ ಅನ್ನಿಸಿತು.

"ಚೆನ್ನಾಗಿದೆ ಸಾರ್. ದನಿ ತುಂಬ... ವಿನಯದ್ದು."

"ಹೇಗೂ ತಾಗಿದೆಯಲ್ಲ," ಡಾಕ್ಟರು ಚೀಲ ಕೆಳಗಿಟ್ಟರು. "ಇನ್ನೊಂದು ಸಲ ತಾಗಿದ್ರೆ ಏನಾಯ್ತು? ಹಾಕಿ."

ತಟ್ಟೆರಾಯ ಹಾಕಿದ. ಗಂಟೆ, ಪಿಯಾನೊ, ದನಿ. ಡಾಕ್ಟರ ಕಣ್ಣು ಮುಚ್ಚಿತು. ಅರ್ಧ ಆಗುವಷ್ಟರಲ್ಲಿ ಕೆನ್ನೆಯ ಮೇಲೆ ನೀರು ಇಳಿಯಿತು.

"ಹಾಡಲ್ಲ ಇದು, ಕಾವ್ಯ! ಕೇಳಿದ್ರಾ, ಬಿಟ್ಟುಹೋಗ್ತಿರೋ ಯಾರನ್ನೋ ತಡೀತಿದಾಳೆ. ಹೋಗಬೇಡಿ, ಹೋಗಬೇಡಿ ಅಂತಾಳೆ. ಇದಕ್ಕೆ ಭಾಷೆ ಬೇರೆ ಬರಬೇಕಾ?"

ಹಡಗಿನ ಮಾವ ಭಯಂಕರ ಕೆಮ್ಮು ಹತ್ತಿ ಮೊಗಸಾಲೆಗೆ ಓಡಿದರು. "ಅಲ್ಲ ಡಾಕ್ಟ್ರೇ, ಅವಳು ಹೇಳ್ತಿರೋದು..." ಎಂದು ಅತ್ತೆ ಬಾಯಿ ತೆರೆದರು. ಮಗಳು ನೀರಿನ ಲೋಟವನ್ನು ಆ ಬಾಯಿಗೇ ಹಿಡಿದಳು.

ಇದೇ ಸಮಯವೆಂದು ತಟ್ಟೆರಾಯ ಮುಂದೆ ಬಂದ. "ನಿಮಗೆ ಇಷ್ಟು ಹಿಡಿಸಿದೆ ಅಂದಮೇಲೆ, ಮುಳ್ಳು ತಾಗಿದ್ರೂ ಪರವಾಗಿಲ್ಲ ಅಂತ... ಚಳಿಗಾಲ..."

"ಚಳಿಗಾಲ!" ಡಾಕ್ಟರು ಚೀಲದಿಂದ ತಟ್ಟೆ ಹೊರತೆಗೆದರು. ತಟ್ಟೆರಾಯ ಎರಡೂ ಕೈ ಚಾಚಿದ. ಆದರೆ ಡಾಕ್ಟರು ಅದನ್ನು ಅವನ ಕೈಗೆ ಕೊಡಲಿಲ್ಲ, ತಾವೇ ಹೋಗಿ ತಿರುಗಣಿಯ ಮೇಲಿಟ್ಟು ಮುಳ್ಳನ್ನು ಇಳಿಸಿಯೂ ಬಿಟ್ಟರು.

ಅದೇ ಗಂಟೆ. ಅದೇ ಪಿಯಾನೊ. ಅದೇ ದನಿ. ಬಾಗಿಲಿಂದ ಒಳಬಂದ ಮಾವ ತಟ್ಟೆರಾಯನ ಕಿವಿಯಲ್ಲಿ ಪಿಸುಗುಟ್ಟಿದರು: "ಕಂಬಳಿ, ಮೂರನೇ ಮಹಡಿ."

"ಗಮನಿಸಿದ್ರಾ?" ಡಾಕ್ಟರು ಕಣ್ಣೊರೆಸಿಕೊಂಡರು. "ಚಳಿಗಾಲಕ್ಕೆ ದನಿಯೇ ಬದಲಾಗಿದೆ. ವಯಸ್ಸಾಗಿದೆ ಅವಳಿಗೆ. ದುಃಖ ಮಾಗಿದೆ. ಇಂಥದ್ದನ್ನ ನಿಮಗೆ ಕೊಟ್ಟುಬಿಡೋನಿದ್ದೆ ನಾನು! ಕೇಳಿ ಬಚಾವಾದೆ."

"ಸಾರ್, ಆದ್ರೆ ನಾವು ಆಡಿದ ಮಾತು..."

"ಮುಳ್ಳು ತಾಗದ್ದು ಕೊಡಿ ಅಂದಿದ್ದೆ, ನೀವು ತಾಗಿಸಿದ್ರಿ. ಅಲ್ಲಿಗೆ ನಾನು ಬಿಡುಗಡೆ." ಚಳಿಗಾಲವನ್ನು ಒರೆಸಿ, ಹೊದಿಕೆಗೆ ಹಾಕಿ, ಚೀಲದಲ್ಲಿಟ್ಟು ಬಿಗಿಯಾಗಿ ಗುಂಡಿ ಹಾಕಿದರು. "ಬೇಜಾರು ಮಾಡ್ಕೋಬೇಡಿ. ಶರತ್ಕಾಲ ನಿಮ್ಮಲ್ಲೇ ಇರಲಿ, ಇಲ್ಲಿಗೇ ಬಂದು ಕೇಳ್ತೀನಿ. ನನಗೇನು ಕೆಲಸ? ಎಲ್ಲಿ, ಈಗ ಅದನ್ನ ಇನ್ನೊಂದು ಸಲ ಹಾಕಿ."

ಅಕ್ಕ ಹೋದಳು. ಮಾವ ನಕ್ಕು ನಕ್ಕು ಸುಸ್ತಾಗಿ ಮೇಲೆ ಹೋದರು. ಹೊರಗೆ ದೀಪ ಹತ್ತಿದವು. ಹೆಂಡತಿ ಅಡುಗೆಮನೆಯಿಂದ ಇಣುಕಿ, "ರೀ, ಊಟಕ್ಕೆ ಇವರೂ ಇರ್ತಾರಾ?" ಎಂದು ಸನ್ನೆಯಲ್ಲಿ ಕೇಳಿದಳು. ತಟ್ಟೆರಾಯ ಏಳನೆಯ ಸಲ ಮುಳ್ಳಿಟ್ಟ.

ಅಂಗಡಿ ಮುಚ್ಚುವ ಹೊತ್ತಾಯಿತು, ಬಂದಿದ್ದಕ್ಕೆ ಬಹಳ ಸಂತೋಷ, ದಯವಿಟ್ಟು ಹೊರಡಿ ಎಂದು ಆಕೆ ಒಂದಿಷ್ಟೂ ಬೇಸರಪಡದೆ ಕೇಳಿಕೊಂಡಳು. ಡಾಕ್ಟರು ಶೂ ಬಿಚ್ಚಿ ಪಕ್ಕಕ್ಕಿಟ್ಟು, ಎರಡೂ ಕಾಲು ಮೇಲಕ್ಕೆಳೆದುಕೊಂಡು, ಕುರ್ಚಿಯಲ್ಲಿ ಆರಾಮಾಗಿ ಒರಗಿದರು.