ಹಿಂದಿನ ಸೀಟಿನ ಗುಳಿ

ಹಾಸಿಗೆ ಅಂಗಡಿಯವನ ಹೆಂಡತಿಯಿಂದ ಗುಟ್ಟು ಮುಚ್ಚಿಡುವುದು ಹುಡುಗಾಟವಲ್ಲ. ಮದುವೆಯಾದಂದಿನಿಂದ ಗಂಡನ ಜೊತೆ ಹಾಸಿಗೆ ಹೊಲಿದವಳು ಆಕೆ. ರಿಪೇರಿಗೆ ಬಂದ ಹಾಸಿಗೆಯ ಗುಳಿ ನೋಡಿಯೇ, ಮಲಗುವವರು ದಪ್ಪಗಿದ್ದಾರೋ ತೆಳ್ಳಗಿದ್ದಾರೋ, ಗಂಡ ಹೆಂಡತಿ ಮಾತು ಬಿಟ್ಟಿದ್ದಾರೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದಳು. ಅಂಥವಳ ಕಣ್ಣಿಗೆ ಗಂಡನ ಮೋಟಾರ್ ಸೈಕಲ್ಲಿನ ಸೀಟು ಬಿತ್ತು.

ಮುಂದಿನ ಸೀಟು ಎಂದಿನ ಹಲಗೆಯೇ. ಹಿಂದಿನದಕ್ಕೆ ಮಾತ್ರ ಅಂಗಡಿಯ ಮೊದಲ ದರ್ಜೆಯ ಸ್ಪಂಜು, ಬೆನ್ನಿಗೆ ಒಂದು ಒರಗು ಬೇರೆ. ಭಾನುವಾರ ಬಂತೆಂದರೆ ಸಾಕು, ದೂರದ ಗಿರಾಕಿಗಳನ್ನು ನೋಡಿಬರುತ್ತೇನೆಂದು ಬೆಳಿಗ್ಗೆ ಹೊರಟ ಮಹಾಶಯ ಮನೆ ಸೇರುತ್ತಿದ್ದದ್ದು ಸಂಜೆಗೇ. (ಇವಳನ್ನು ದೂರ ಕರೆದುಕೊಂಡು ಹೋದದ್ದು ಮದುವೆಯ ಹೊಸತರಲ್ಲಿ ಒಂದೇ ಸಲ. ಸೊಂಟ ನೋವು ಅಂದದ್ದಕ್ಕೆ, ಇನ್ನು ಮೇಲೆ ಬಸ್ಸಲ್ಲಿ ಬಾ ಅಂದಿದ್ದ.)

ಸೀಟನ್ನು ಅಂಗೈಯಲ್ಲಿ ಒತ್ತಿ ನೋಡಿದಳು. ಗುಳಿ ಆಳವಿರಲಿಲ್ಲ, ಹಾಗಾದರೆ ಕೂರುವವಳು ಬಳ್ಳಿಯಂಥವಳು. ಎಡಭಾಗ ಹೆಚ್ಚು ಕುಸಿದಿತ್ತು, ಹಾಗಾದರೆ ವಾಲಿಕೊಂಡು ಅವನ ಕಿವಿಯಲ್ಲಿ ಪಿಸುಗುಟ್ಟುವವಳು. ಇಷ್ಟು ವರ್ಷದ ಸಂಸಾರ ಸ್ಪಂಜಿನ ಮೇಲೆ ಕೂತು ಹೊರಟುಹೋಗುತ್ತಿದೆಯಲ್ಲ ಎಂದು ಅಳು ಬಂತು.

"ಈ ಭಾನುವಾರ ನಾನೂ ಬರ್ತೀನಿ ರೀ" ಅಂದಳು.

ಗಂಡನ ಮುಖ ಬಿಳಿಚಿಕೊಂಡಿತು. ಧೂಳು ಅಂದ, ಬಿಸಿಲು ಅಂದ, ಕೊನೆಗೆ ನಿನ್ನ ಸೊಂಟ ಅಂದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡು ಆಕೆ ಭಾನುವಾರ ಅವನಿಗಿಂತ ಮೊದಲೇ ಸೀಟೇರಿ ಕೂತಳು.

ಸೀಟು ಎಷ್ಟು ಹಿತವಾಗಿತ್ತೆಂದರೆ ಅವಳ ಸಿಟ್ಟು ಇಮ್ಮಡಿಯಾಯಿತು. ಯಾರಿಗೋ ಮಾಡಿಟ್ಟ ಸುಖ! ಅಷ್ಟರಲ್ಲಿ ಗಾಡಿ ಅವಳ ತವರಿನ ದಾರಿ ಹಿಡಿಯಿತು. ತನ್ನನ್ನು ತವರಿಗೇ ಬಿಟ್ಟುಬರಲು ಹೊರಟಿದ್ದಾನೆ ಎಂದುಕೊಂಡು ಸೀಟನ್ನು ಬಿಗಿಯಾಗಿ ಹಿಡಿದಳು.

ತವರಿನ ಬಾಗಿಲಲ್ಲಿ ಹೆಲ್ಮೆಟ್ಟು, ಕಪ್ಪು ಕನ್ನಡಕ ಹಾಕಿಕೊಂಡು ಅವಳ ಅಮ್ಮ ನಿಂತಿದ್ದರು. ಕಡ್ಡಿಯಂಥ ಮೈ, ಬಲಸೊಂಟ ನೋವೆಂದು ಎಡಗಾಲಿನ ಮೇಲೇ ಭಾರ. ಈ ವಯಸ್ಸಲ್ಲಿ ಹೊಸ್ತಿಲು ದಾಟಬೇಡ ಎಂದು ಇದೇ ಮಗಳು ಕಟ್ಟಪ್ಪಣೆ ಮಾಡಿದ್ದಳು.

ಮಗಳನ್ನು ಕಂಡು ಅಮ್ಮನ ಮುಖ ಚಿಕ್ಕದಾಯಿತು. "ಏನು ಅಳಿಯಂದಿರೇ, ಇವಳಿಗೆ ಹೇಳಬಾರದು ಅಂತ ಮಾತಾಗಿತ್ತಲ್ಲ?"

"ನಾನೆಲ್ಲಿ ಹೇಳಿದೆ ಅತ್ತೆ, ಅವಳೇ ಹತ್ತಿ ಕೂತಳು" ಎಂದು ಅಳಿಯ ತಲೆ ತಗ್ಗಿಸಿದ.

ಅಮ್ಮ ಸೀಟಿನತ್ತ ನೋಡಿದರು, ಮಗಳತ್ತ ನೋಡಿದರು. "ಗೊತ್ತಾಯ್ತಲ್ಲ, ಇನ್ನೇನು. ಇಳಿ, ಊರು ಸುತ್ತೋಕೆ ನಮಗೆ ಹೊತ್ತಾಯ್ತು. ಒಲೆ ಮೇಲೆ ಹಾಲಿದೆ, ಉಕ್ಕದ ಹಾಗೆ ನೋಡ್ಕೋ."

ಬೇರೆ ಯಾವಳಾದರೂ ಆಗಿದ್ದರೆ ಜುಟ್ಟು ಹಿಡಿದು ಎಳೆಯಬಹುದಿತ್ತು. ಹೆತ್ತ ತಾಯಿಯನ್ನು ಏನು ಮಾಡುವುದು? ತೆಪ್ಪಗೆ ಇಳಿದು, ಅಮ್ಮನಿಗೆ ಕೈಕೊಟ್ಟು ಹತ್ತಿಸಿ, ಒಳಗೆ ಹೋಗಿ ಹಾಲಿನ ಮುಂದೆ ನಿಂತಳು.